ಎರಡನೇ ಆಲ್ಟೋ ಬೇಕಾಗಿದ್ದಾರೆ

ಮೆಸೇಜು ಇದ್ದದ್ದು ಒಂದೂವರೆ ಸಾಲು. ಬೆಂಗಳೂರಿನ ಒಂದು ಬಿಗ್ ಬ್ಯಾಂಡಿಗೆ (ಜಾಝ್ ನುಡಿಸುವ ದೊಡ್ಡ ತಂಡ) ಎರಡನೇ ಆಲ್ಟೋ ಸ್ಯಾಕ್ಸೋಫೋನಿಗೆ ಜನ ಬೇಕಾಗಿದ್ದಾರೆ, ಆಡಿಷನ್ ಏಳು ವಾರ ಬಿಟ್ಟು ಭಾನುವಾರ. ಆಫೀಸಿನ ಗೆಳತಿಯೊಬ್ಬಳು "ನೀನು ಅದೇನೋ ಊದ್ತೀಯಲ್ಲ" ಅಂತ ಕಳಿಸಿದ್ದಳು. ಮೂರು ಸಲ ಓದಿ ಫೋನ್ ಮಗುಚಿ ಇಟ್ಟೆ. ರಾತ್ರಿ ಹನ್ನೊಂದೂವರೆಗೆ ಎದ್ದು ಕೂತು "ನಾನು ಬರುತ್ತೇನೆ" ಅಂತ ಬರೆದೆ. ಬರೆದಾದ ಮೇಲೆ ಸ್ಯಾಕ್ಸೋಫೋನ್ ಎಲ್ಲಿಟ್ಟಿದ್ದೇನೆ ಅಂತ ಹುಡುಕಿದೆ. ಸುಳ್ಳಲ್ಲ. ಅಟ್ಟದ ಮೇಲೆ ಸೂಟ್‌ಕೇಸುಗಳ ಹಿಂದೆ ಇತ್ತು, ದಸರಾ ರಜೆ ಮುಗಿದ ಮೇಲೆ ಮುಟ್ಟಿರಲಿಲ್ಲ. ಪೆಟ್ಟಿಗೆ ತೆರೆದರೆ ಚರ್ಮದ ಪ್ಯಾಡುಗಳ ವಾಸನೆ, ಹಳೇ ಎಂಜಲಿನ ವಾಸನೆ, ಒಣಗಿ ಬಿರುಕು ಬಿಟ್ಟ ಒಂದು ರೀಡು, ಅಂದರೆ ಊದುವ ಬಾಯಿಗೆ ಕಟ್ಟುವ ತೆಳು ಪಟ್ಟಿ.

ನಮ್ಮ ಕಡೆ, ಅಂದರೆ ವಿಟ್ಲ, ಬಂಟ್ವಾಳದ ಕಡೆ, ಸ್ಯಾಕ್ಸೋಫೋನ್ ಅಂದರೆ ಯಾರಿಗೂ ಜಾಝ್ ನೆನಪಾಗುವುದಿಲ್ಲ. ಮದುವೆ ನೆನಪಾಗುತ್ತದೆ. ದೇವಸ್ಥಾನದ ಉತ್ಸವ, ಭೂತದ ನೇಮ, ಗೃಹಪ್ರವೇಶ ನೆನಪಾಗುತ್ತದೆ. ಅಡಾಲ್ಫ್ ಸ್ಯಾಕ್ಸ್ ಅನ್ನುವ ಬೆಲ್ಜಿಯಂನವರು 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಮಾಡಿಸಿದ ವಾದ್ಯ ಇದು, ಮಿಲಿಟರಿ ಬ್ಯಾಂಡುಗಳ ದಾರಿ ಹಿಡಿದು ಊರೂರು ಸುತ್ತಿತು, ಕೊನೆಗೆ ನಮ್ಮಲ್ಲಿ ನಾಗಸ್ವರದ ಪಕ್ಕ ಬಂದು ಕೂತುಬಿಟ್ಟಿತು. ಕೂರಿಸಿದವರು ಕದ್ರಿ ಗೋಪಾಲನಾಥರು. ಬಂಟ್ವಾಳ ತಾಲೂಕಿನ ಸಜಿಪದವರು, ಅಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ ಹುಡುಗ, ಅದರ ಮೇಲೆ ಗಮಕ (ಸ್ವರವನ್ನು ತೂಗಿಸುವ, ಜಾರಿಸುವ ನಮ್ಮ ರೀತಿ) ತರಿಸಲು ವರ್ಷಗಟ್ಟಲೆ ಒದ್ದಾಡಿದರು. 1980ರಲ್ಲಿ ಬೊಂಬಾಯಿಯ ಜಾಝ್ ಯಾತ್ರಾದಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಜೊತೆ ಒಂದೇ ವೇದಿಕೆಯಲ್ಲಿ ಊದಿದರು. 2008ರಲ್ಲಿ ರುದ್ರೇಶ್ ಮಹಂತಪ್ಪ (ಹೆಸರು ಕೇಳಿದರೇ ನಮ್ಮವರು ಅನಿಸುತ್ತದೆ, ಬೆಳೆದದ್ದು ಅಮೆರಿಕದಲ್ಲಿ, ಊದುವುದು ಜಾಝ್ ಸ್ಯಾಕ್ಸೋಫೋನ್) ಅವರ ಜೊತೆ 'ಕಿನ್ಸ್‌ಮೆನ್' ಅನ್ನುವ ಆಲ್ಬಂ ಬಂತು. ಅಂದರೆ ಕರ್ನಾಟಕ ಸಂಗೀತದ ಸ್ಯಾಕ್ಸೋಫೋನ್ ಜಾಝಿಗೆ ಹೋಗಿ ಗೌರವದಿಂದ ವಾಪಸ್ ಬಂದ ದಾರಿ ಆಗಲೇ ಇತ್ತು. ನನಗೆ ಇದು ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ಅವರು ಅವರಾಗಿಯೇ ಹೋಗಿ ಅವರಾಗಿಯೇ ಬಂದರು. ನನ್ನನ್ನು ಕರೆದದ್ದು ಎರಡನೇ ಆಲ್ಟೋ ಕುರ್ಚಿಗೆ.

ನನಗೆ ಊದಲು ಕಲಿಸಿದ್ದು ನನ್ನ ಮಾವ, ಅಮ್ಮನ ಅಣ್ಣ. ಮೂವತ್ತು ವರ್ಷ ಮದುವೆ ಸೆಟ್ಟಿನಲ್ಲಿ, ಅಂದರೆ ಮದುವೆ ವಾದ್ಯದವರ ತಂಡದಲ್ಲಿ, ಊದಿದವರು. ಅವರ ಹತ್ತಿರ ಕಲಿಯಬೇಕಿದ್ದ ಇಬ್ಬರು ಹುಡುಗರು ಕ್ರಿಕೆಟ್ಟಿಗೆ ಹೋದದ್ದರಿಂದ ನನಗೆ ಜಾಗ ಸಿಕ್ಕಿತು. ಅಡಿಕೆ ಒಣಹಾಕಿದ ಅಂಗಳದ ಮೂಲೆಯಲ್ಲಿ ಸರಳೆ, ಜಂಟಿ. ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಸ ರಿ ಗ ಮ. ಬೆಂಗಳೂರಿಗೆ ಬಂದ ಮೇಲೆ ಎರಡು ವರ್ಷ ಒಬ್ಬ ಮೇಷ್ಟರ ಹತ್ತಿರ ಪಾಶ್ಚಾತ್ಯ ನೊಟೇಶನ್ ಓದಲು ಕಲಿತೆ. ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದವರು. ಓದುತ್ತೇನೆ, ಆದರೆ ಒಂದನೇ ಕ್ಲಾಸಿನ ಮಗು ಪಾಠ ಓದಿದ ಹಾಗೆ, ಬೆರಳಿಟ್ಟುಕೊಂಡು.

ಮೊದಲ ವಾರ ಮೇಷ್ಟರ ಮನೆಗೆ ಹೋಗಿ ವಿಷಯ ಹೇಳಿದೆ. ಅವರು ನಗಲಿಲ್ಲ, ಅದೇ ದೊಡ್ಡದು. ಒಂದು ಸ್ವರ ಊದು ಅಂದರು. ಊದಿದೆ. "ಇದು ಎಷ್ಟು ಸ್ವರ?" ಅಂತ ಕೇಳಿದರು. ಒಂದು ಅಂದೆ. "ನನಗೆ ಮೂರು ಕೇಳಿಸ್ತು ನೋಡಮ್ಮ. ಕೆಳಗಿಂದ ಹತ್ತಿದೆ, ಮೇಲೆ ಹೋಗಿ ಇಣುಕಿದೆ, ಆಮೇಲೆ ಮನೆಗೆ ಬಂದೆ." ಸರಿಯೇ. ನಮ್ಮಲ್ಲಿ ಸ್ವರ ಅಂದರೆ ಹಾಗೇ ಅಲ್ವಾ. ಬೋಳು ಸ್ವರ ಊದಿದರೆ ಮಾವ "ಉಪ್ಪು ಹಾಕ್ಲಿಕ್ಕೆ ಮರ್ತಿಯಾ?" ಅನ್ನುತ್ತಿದ್ದರು.

ಬಿಗ್ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನು ಐದು. ಎರಡು ಆಲ್ಟೋ, ಎರಡು ಟೆನರ್, ಒಂದು ಬ್ಯಾರಿಟೋನ್. ಹಿಂದೆ ಟ್ರಂಪೆಟ್ಟು, ಟ್ರೊಂಬೋನು, ಪಕ್ಕದಲ್ಲಿ ಪಿಯಾನೋ, ಬಾಸ್, ಡ್ರಮ್ಸು. ಸ್ಯಾಕ್ಸೋಫೋನಿನ ಸಾಲಿಗೆ ಯಜಮಾನ ಮೊದಲ ಆಲ್ಟೋ, ಅವನನ್ನು ಲೀಡ್ ಅನ್ನುತ್ತಾರೆ. ರಾಗ ಅವನ ಕೈಯಲ್ಲಿ. ಸ್ವರ ಎಷ್ಟು ಹೊತ್ತು ಹಿಡಿಯಬೇಕು, ಎಲ್ಲಿ ಬಿಡಬೇಕು, ಎಷ್ಟು ನಡುಗಿಸಬೇಕು, ಎಲ್ಲ ಅವನು ಮಾಡಿದ ಹಾಗೆ ಉಳಿದ ನಾಲ್ವರು. ಎರಡನೇ ಆಲ್ಟೋ ಅವನ ಪಕ್ಕದಲ್ಲೇ ಕೂತು ಒಂದು ಮೆಟ್ಟಿಲು ಕೆಳಗಿನ ಸ್ವರ ಹಿಡಿಯುವವರು. ಅವರು ಊದಿದ್ದು ಬೇರೆಯಾಗಿ ಕೇಳಿಸಿತೋ, ಕೆಲಸ ಕೆಟ್ಟಿತು. ಕೇಳಿಸದಿದ್ದರೆ ಸರಿ ಇದೆ ಅಂತ ಅರ್ಥ. ಎರಡು ಫರ್ಲಾಂಗು ದೂರದ ಗದ್ದೆಗೆ ಕೇಳಿಸಬೇಕು ಅಂತ ಊದಲು ಕಲಿತ ನನಗೆ ಇದು ಎಷ್ಟು ವಿಚಿತ್ರ ಅನಿಸಿತು ಅಂದರೆ, ಎರಡು ದಿನ ಸುಮ್ನೆ ಅದನ್ನೇ ಯೋಚಿಸುತ್ತಾ ಆಫೀಸಿನಲ್ಲಿ ತಪ್ಪು ಇನ್‌ವಾಯ್ಸ್ ಕಳಿಸಿದೆ.

ಅಪಾರ್ಟ್‌ಮೆಂಟಿನಲ್ಲಿ ಸ್ಯಾಕ್ಸೋಫೋನ್ ಊದುವ ಹಾಗಿಲ್ಲ. ಒಂದೇ ದಿನಕ್ಕೆ ಕೆಳಗಿನ ಮನೆಯಿಂದ ಫೋನ್ ಬಂತು. ಬಟ್ಟೆ ತುಂಬಿದ ಬೀರು ತೆರೆದು ಅದರೊಳಗೆ ಮುಖ ಮಾಡಿ ಊದಿ ನೋಡಿದೆ. ಸದ್ದು ಕಮ್ಮಿ ಆಯಿತು, ಸೀರೆಗಳಿಗೆ ಉಗುಳು ಆಯಿತು. ಕೊನೆಗೆ ಗತಿಯಾದದ್ದು ಕಾರು. ಬೇಸ್‌ಮೆಂಟಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಗಾಜು ಏರಿಸಿ, ಬೆಳಿಗ್ಗೆ ಆರರಿಂದ ಏಳು. ವಾಚ್‌ಮನ್ ಮೊದಲ ದಿನ ಟಾರ್ಚ್ ಹಿಡಿದು ಬಂದ. ಮೂರನೇ ದಿನದಿಂದ ಅವನೇ ಪಕ್ಕದ ಸ್ಕೂಟರ್ ಮೇಲೆ ಕೂತು ಕೇಳತೊಡಗಿದ. "ಮೇಡಂ, ದಿನಾ ಒಂದೇ ಊದ್ತೀರಲ್ಲ, ಹಾಡು ಯಾವಾಗ ಬರತ್ತೆ?" ಅಂತ ಕೇಳಿದ. ಅವನದು ತಪ್ಪಿಲ್ಲ. ಮೊದಲ ಎರಡು ವಾರ ನಾನು ಊದಿದ್ದು ಬರೀ ಉದ್ದ ಸ್ವರ. ಫೋನಿನಲ್ಲಿ ಟ್ಯೂನರ್ ಹಚ್ಚಿ, ಅದರ ಮುಳ್ಳು ಮಧ್ಯದಲ್ಲಿ ಅಲ್ಲಾಡದೆ ನಿಲ್ಲುವ ಹಾಗೆ ಹದಿನಾರು ಎಣಿಸುವವರೆಗೆ ಹಿಡಿಯುವುದು. ಮುಳ್ಳು ನಿಲ್ಲುತ್ತಿರಲಿಲ್ಲ. ನನ್ನ ತುಟಿಗೆ ನನಗೇ ಗೊತ್ತಿಲ್ಲದ ಹಾಗೆ ಕಂಪಿತ, ಅಂದರೆ ಸ್ವರ ನಡುಗಿಸುವ ಗಮಕ, ಹತ್ತಿಬಿಟ್ಟಿತ್ತು. ಮಗು ಜಾತ್ರೆಯಲ್ಲಿ ಕೈ ಬಿಡಿಸಿಕೊಂಡು ಓಡುತ್ತದಲ್ಲ, ಹಾಗೆ ಸ್ವರ ನುಣುಚಿಕೊಂಡು ಹೋಗುತ್ತಿತ್ತು.

ಇದೇ ಹೊತ್ತಿಗೆ ಅಮೆರಿಕದ ಹೆಸರಾಂತ ಬಿಗ್ ಬ್ಯಾಂಡ್ ಡ್ಯೂಕ್ ಎಲಿಂಗ್ಟನ್ ಆರ್ಕೆಸ್ಟ್ರಾ ಕೇಳಲು ಶುರು ಮಾಡಿದೆ. ಅಲ್ಲಿ ಜಾನಿ ಹಾಡ್ಜಸ್ ಸಿಕ್ಕರು. ಲೀಡ್ ಆಲ್ಟೋ, 1928ರಲ್ಲಿ ಸೇರಿದವರು. ಆ ಮನುಷ್ಯ ಸ್ವರದಿಂದ ಸ್ವರಕ್ಕೆ ಜಾರುತ್ತಾರೆ. ನಿಧಾನಕ್ಕೆ, ಎಣ್ಣೆ ಸುರಿದ ಹಾಗೆ. ನನಗೆ ಕಣ್ಣಲ್ಲಿ ನೀರೇ ಬಂತು, ಇದು ನಮ್ಮ ಜಾರು ಅಲ್ವಾ ಅಂತ. ಖುಷಿಯಲ್ಲಿ ಮೇಷ್ಟರಿಗೆ ಫೋನ್ ಮಾಡಿ "ನೋಡಿ, ಇವರು ಜಾರ್ತಾರೆ" ಅಂದೆ. "ಹೌದು. ಅವರ ಪಕ್ಕ ಕೂತಿದ್ದವರ ಹೆಸರೇನು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ರಸೆಲ್ ಪ್ರೊಕೋಪ್. 1946ರಿಂದ 1974ರವರೆಗೆ ಆ ತಂಡದಲ್ಲಿದ್ದವರು. ಕ್ಲಾರಿನೆಟ್ ಸೋಲೋಗಳಿಗೆ ಹೆಸರು ಮಾಡಿದವರು, ಆದರೆ ಆಲ್ಟೋ ಹಿಡಿದಾಗ ಹಾಡ್ಜಸ್ ನೆರಳಲ್ಲೇ. ಆ ರೆಕಾರ್ಡುಗಳನ್ನು ಮತ್ತೆ ಹಾಕಿ ಈ ಸಲ ಪ್ರೊಕೋಪ್ ಆಲ್ಟೋವನ್ನು ಹುಡುಕಿದೆ. ಸ್ಯಾಕ್ಸೋಫೋನುಗಳು ಒಟ್ಟಿಗೆ ಬರುವ ಕಡೆಗಳಲ್ಲಿ ಕಿವಿಯನ್ನು ಸ್ಪೀಕರಿಗೆ ಅಂಟಿಸಿ ಕೂತೆ. ಸಿಗಲಿಲ್ಲ. ಒಂದು ಇಡೀ ಭಾನುವಾರ ಹುಡುಕಿದೆ.

ಆಡಿಷನ್ನಿಗೆ ಎರಡು ಭಾಗ. ಒಂದು, ಬಿ ಫ್ಲ್ಯಾಟ್ ಬ್ಲೂಸ್ (ಒಂದೇ ಚೌಕಟ್ಟು ಸುತ್ತಿ ಸುತ್ತಿ ಬರುವ ರೂಪ) ಮೇಲೆ ಎರಡು ಸುತ್ತು ಸೋಲೋ, ಅಂದರೆ ಒಬ್ಬಳೇ, ಆಗಿಂದಾಗ ಹೊಳೆದದ್ದನ್ನು ಊದುವುದು. ಇನ್ನೊಂದು, ಮೊದಲೇ ತೋರಿಸದ ನೊಟೇಶನ್ ಮುಂದಿಟ್ಟು ಸಾಲಿನ ಜೊತೆ ಊದಿಸುವುದು. ಆಲ್ಟೋ ಇ ಫ್ಲ್ಯಾಟ್ ವಾದ್ಯ, ಪಿಯಾನೋದವರು ಬಿ ಫ್ಲ್ಯಾಟ್ ಅಂದರೆ ನನ್ನ ಬೆರಳಿಗೆ ಅದು ಜಿ. ಇದು ತೊಂದರೆಯಲ್ಲ, ಷಡ್ಜ, ಅಂದರೆ 'ಸ', ಎಲ್ಲಿ ಬೇಕಾದರೂ ಇಟ್ಟುಕೊಳ್ಳುವುದು ನಮಗೆ ಹೊಸದೇನಲ್ಲ. ತೊಂದರೆ ಇರುವುದು ಇಟ್ಟ ಷಡ್ಜ ಇಟ್ಟಲ್ಲಿ ನಿಲ್ಲದಿರುವುದರಲ್ಲಿ. ಶ್ರುತಿ ಪೆಟ್ಟಿಗೆ ಹಚ್ಚಿಟ್ಟರೆ ನಮ್ಮಲ್ಲಿ ಕಛೇರಿ ಮುಗಿಯುವವರೆಗೆ 'ಸ' ಅಲ್ಲೇ ಇರುತ್ತದೆ, ಮನೆಯ ಅಜ್ಜಿಯ ಹಾಗೆ. ನೀವು ಎಲ್ಲಿ ಅಲೆದು ಬಂದರೂ ಅಜ್ಜಿ ಜಗಲಿಯಲ್ಲಿ ಕೂತಿರುತ್ತಾರೆ. ಬ್ಲೂಸಿನಲ್ಲಿ ನಾಲ್ಕು ಬಾರು ಆದ ಮೇಲೆ ಅಜ್ಜಿ ಎದ್ದು 'ಮ'ದ ಮನೆಗೆ ಹೋಗಿಬಿಡುತ್ತಾರೆ. ಎರಡು ಬಾರು ಅಲ್ಲಿದ್ದು ವಾಪಸ್. ಆಮೇಲೆ ಒಂಬತ್ತನೇ ಬಾರಿಗೆ 'ಪ'ದ ಮನೆ.

(ಟ್ವೆಲ್ವ್ ಬಾರ್ ಬ್ಲೂಸ್ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ಒಂದು ಕ್ಷಣ ಸುಮ್ಮನಿದ್ದು "ಹನ್ನೆರಡು ಬಾರಿಗೂ ನೀನು ಹೋಗ್ಬೇಕಾ?" ಅಂತ ಕೇಳಿದರು. ಬಾರು ಅಂದರೆ ನಾಲ್ಕು ಎಣಿಕೆ ಅಂತ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು.)

ಹನ್ನೆರಡು ನಾಲ್ಕಲಿ ನಲವತ್ತೆಂಟು. ಲೆಕ್ಕದಲ್ಲಿ ಎಂಟೆಣಿಕೆಯ ಆದಿತಾಳದ ಆರು ಆವರ್ತನ, ಅಂದರೆ ಆರು ಸುತ್ತು. ನಾನು ತೊಡೆಯ ಮೇಲೆ ಹಾಗೇ ಎಣಿಸಿ ಹಿಡಿದೆ. ಆದರೆ ನಾಲ್ಕು ಆವರ್ತನ ಮುಗಿದಾಗ ನನ್ನ ಮೈಗೆ ಇನ್ನು ಎಡುಪಿಗೆ, ಅಂದರೆ ಹಾಡು ಎತ್ತಿಕೊಂಡ ಜಾಗಕ್ಕೆ, ಬಂದು ಸೇರಬೇಕು ಅನಿಸುತ್ತದೆ, ಅಲ್ಲಿ ನೋಡಿದರೆ ಇನ್ನೂ ನಾಲ್ಕು ಬಾರು ಬಾಕಿ. ದಿನಾ ಅದೇ ಜಾಗದಲ್ಲಿ ಎಡವಿದೆ. ಗಾಂಧಾರದ ಕಥೆ ಇನ್ನೂ ಮಜಾ. ಮೊದಲ ನಾಲ್ಕು ಬಾರಿಗೆ ಅಂತರ ಗಾಂಧಾರ, ಅಂದರೆ ಮೇಲಿನ 'ಗ'. ಐದನೇ ಬಾರಿಗೆ ಅಜ್ಜಿ ಮನೆ ಬದಲಿಸಿದ ಕೂಡಲೇ ಅದು ಇಳಿದು ಕೆಳಗಿನ 'ಗ', ಅಂದರೆ ಸಾಧಾರಣ ಗಾಂಧಾರ ಆಗಬೇಕು. ಇಷ್ಟಕ್ಕೇ ನಿಲ್ಲುವುದಿಲ್ಲ. ಬ್ಲೂಸಿನವರು ಅಂತರ ಗಾಂಧಾರ ಇರುವ ಕಡೆಯೂ ಬೇಕೆಂದೇ ಸಾಧಾರಣ ಗಾಂಧಾರ ಒತ್ತುತ್ತಾರೆ, ಎರಡರ ಮಧ್ಯೆ ಎಲ್ಲೋ ಹಿಡಿದು ಎಳೆಯುತ್ತಾರೆ. ಒಂದೇ ರಾಗದಲ್ಲಿ ಎರಡೂವಾ ಅಂತ ಮೊದಲು ಕಿವಿ ಒಪ್ಪಲಿಲ್ಲ. ಒಂದು ಬೆಳಿಗ್ಗೆ ಕಾರಿನಲ್ಲಿ ಬೇಜಾರಾಗಿ ಬ್ಲೂಸ್ ಬಿಟ್ಟು ಸುಮ್ನೆ ನಾಟ ರಾಗ ಊದಿದೆ. ಕಛೇರಿ ಶುರುವಾಗುವುದೇ ಎಷ್ಟೋ ಸಲ ಅದರಿಂದ, ನಾನು ಹನ್ನೆರಡನೇ ವಯಸ್ಸಿನಿಂದ ಊದುತ್ತಿರುವುದು. ಅರ್ಧದಲ್ಲಿ ನಿಂತೆ. ನಾಟದಲ್ಲಿ ಷಟ್ಶ್ರುತಿ ರಿಷಭ, ಅಂದರೆ ಎಲ್ಲಕ್ಕಿಂತ ಮೇಲಿನ 'ರಿ', ಇದೆ, ಅದರ ಪಕ್ಕದಲ್ಲೇ ಅಂತರ ಗಾಂಧಾರ. ಷಟ್ಶ್ರುತಿ ರಿಷಭದ ಜಾಗ ಅಂದರೆ ಸಾಧಾರಣ ಗಾಂಧಾರದ್ದೇ ಜಾಗ, ಹೆಸರು ಮಾತ್ರ ಬೇರೆ. ಇಷ್ಟು ವರ್ಷ ಎರಡನ್ನೂ ಒಟ್ಟಿಗೆ ಊದಿಕೊಂಡೇ ಬಂದಿದ್ದೇನೆ! ಆವತ್ತು ವಾಚ್‌ಮನ್ "ಇದು ಚೆನ್ನಾಗಿದೆ ಮೇಡಂ" ಅಂದ.

ಸ್ವಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಗದದ ಮೇಲೆ ಸಮಸಮವಾಗಿ ಬರೆದ ಎರಡು ಸ್ವರಗಳನ್ನು ಉದ್ದ, ಗಿಡ್ಡ ಅಂತ ಊದಬೇಕು. ತಕಿಟದಲ್ಲಿ 'ಕಿ' ನುಂಗಿ ತ... ಟ, ತ... ಟ ಅಂದರೆ ಹತ್ತಿರ ಬರುತ್ತದೆ. ವೇಗ ಹೆಚ್ಚಿದಂತೆ ಆ ವ್ಯತ್ಯಾಸ ಕರಗಿ ಹೆಚ್ಚುಕಮ್ಮಿ ಸಮವೇ ಆಗುತ್ತದೆ, ಆಗ ತಿಶ್ರದ (ಮೂರರ) ಲೆಕ್ಕ ಹಿಡಿದುಕೊಂಡರೆ ಕುಂಟುತ್ತದೆ. ಮೆಟ್ರೋನೋಮ್ ಅರವತ್ತಕ್ಕೆ ಇಟ್ಟು ಅದರ ಟಿಕ್ಕನ್ನು ಎರಡನೇ ಮತ್ತು ನಾಲ್ಕನೇ ಎಣಿಕೆ ಅಂದುಕೊಂಡು ನೂರಿಪ್ಪತ್ತರ ವೇಗದಲ್ಲಿ ಊದುವುದು ರೂಢಿ. ಭಜನೆಯಲ್ಲಿ ಒಂದಕ್ಕೆ ಚಪ್ಪಾಳೆ ತಟ್ಟಿ ಬೆಳೆದ ಕೈಗೆ ಇದು ಎಡಗೈಯಲ್ಲಿ ಊಟ ಮಾಡಿದ ಹಾಗೆ. ಒಂದು ವಾರ ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಮೀಟಿಂಗಿನಲ್ಲಿ ಎರಡು ನಾಲ್ಕು ಅಂತ ಕಾಲ್ಬೆರಳು ಆಡಿಸಿದೆ. ಬಂತು.

ಸೋಲೋ ವಿಷಯದಲ್ಲಿ ನಾನು ಕಳ್ಳದಾರಿ ಹಿಡಿದೆ. ಎರಡು ಸುತ್ತನ್ನು ಪೂರ್ತಿ ಬರೆದು ಬಾಯಿಪಾಠ ಮಾಡಿಕೊಂಡೆ. ಚೆನ್ನಾಗೇ ಇತ್ತು, ಹತ್ತನೇ ಬಾರಿನಲ್ಲಿ ಒಂದು ಸಣ್ಣ ಮುಕ್ತಾಯ ಕೂಡ ಸೇರಿಸಿದ್ದೆ. ಮೇಷ್ಟರು ಪಿಯಾನೋದಲ್ಲಿ ಜೊತೆಗೂಡಿ ಮೊದಲ ಸಲ ಕೇಳಿ "ಭೇಷ್" ಅಂದರು. ಎರಡನೇ ಸಲ ಅವರು ಬೇಕೆಂದೇ ಬೇರೆ ಥರ ನುಡಿಸಿದರು, ನಾನು ಅದನ್ನೇ ಊದಿದೆ. ಮೂರನೇ ಸಲ ಮಧ್ಯೆ ನಿಲ್ಲಿಸಿಯೇ ಬಿಟ್ಟರು, ನಾನು ಊದುತ್ತಲೇ ಇದ್ದೆ. "ನಾನು ಇಲ್ಲಿ ಇದ್ದೀನಾ ಇಲ್ವಾ?" ಅಂದರು. ನನಗೆ ಅವಮಾನ ಆಯಿತು. ಯಾಕೆಂದರೆ ಇದು ಗೊತ್ತಿಲ್ಲದ ವಿಷಯವಲ್ಲ. ಮೊದಲೇ ಕಟ್ಟಿಟ್ಟ ಚಿಟ್ಟೆಸ್ವರಕ್ಕೂ ಆ ಕ್ಷಣಕ್ಕೆ ಹುಟ್ಟುವ ಕಲ್ಪನಾಸ್ವರಕ್ಕೂ ಏನು ವ್ಯತ್ಯಾಸ ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕಲ್ಪನಾಸ್ವರ ಅಂತ ಹೇಳಿ ಚಿಟ್ಟೆಸ್ವರ ಒಪ್ಪಿಸುವುದು ನಮ್ಮೂರಲ್ಲೂ ಕಳ್ಳತನವೇ. ಆ ಹಾಳೆ ಹರಿದೆ. ಅಂದರೆ, ಮಡಚಿ ಪೆಟ್ಟಿಗೆಯ ಜೇಬಿನಲ್ಲಿಟ್ಟೆ.

ಕೊನೇ ವಾರ ಊರಿಗೆ ಹೋಗಿದ್ದೆ. ಮಾವನಿಗೆ ಈಗ ಎದುರಿನ ನಾಲ್ಕು ಹಲ್ಲಿಲ್ಲ, ಊದುವುದು ಬಿಟ್ಟಿದ್ದಾರೆ. ಜಗಲಿಯಲ್ಲಿ ಕೂತು ನನ್ನ ರೀಡುಗಳನ್ನು ಒಂದೊಂದೇ ಬೆಳಕಿಗೆ ಹಿಡಿದು ನೋಡಿದರು. ಹತ್ತರ ಡಬ್ಬಿಯಲ್ಲಿ ಮೂರನ್ನು ಬೇರೆ ಇಟ್ಟರು. "ಇದು ಮೂರು ಸಾಕು. ಬಾಕಿ ಎಲ್ಲ ಸೌದೆ." ಅಲ್ಲಿ ಎಂತ ಊದ್ಲಿಕ್ಕೆ ಅಂತ ಕೇಳಿದರು. ಎರಡನೇ ಆಲ್ಟೋ ಅಂದರೆ ಏನು ಅಂತ ಹೇಳಿದೆ. ಪಕ್ಕದಲ್ಲಿ ಕೂತು, ಮೊದಲನೆಯವರ ಜೊತೆ, ಕೇಳಿಸದ ಹಾಗೆ. ಅವರು ಬೀಡಿ ಹಚ್ಚಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ಆಗಲೇ ನನಗೆ ಹೊಳೆದದ್ದು. ಮಾವ ಸೆಟ್ಟಿನಲ್ಲಿ ಎರಡನೇ ಸ್ಯಾಕ್ಸೋಫೋನು! ಮೂವತ್ತು ವರ್ಷವೂ. ಮದುವೆ ಕಾಗದದ ಮೇಲೆ ಹೆಸರು ಬರುತ್ತಿದ್ದದ್ದು ಮೊದಲನೆಯವರದು, ಶಾಲು ಹೊದಿಸುತ್ತಿದ್ದದ್ದು ಅವರಿಗೆ. ನಾನು ಚಿಕ್ಕವಳಿದ್ದಾಗ ಡೋಲಿನ ಪಕ್ಕ ಕೂತು ನೋಡಿದ್ದೆಲ್ಲ ಅದೇ, ಆದರೆ ನನ್ನ ತಲೆಯಲ್ಲಿ ಮಾವನೇ ಹೀರೋ ಆಗಿದ್ದರಿಂದ ಅದು ಯಾವತ್ತೂ ಲೆಕ್ಕಕ್ಕೇ ಬಂದಿರಲಿಲ್ಲ.

"ಬೆರಳು ನೋಡ್ಬೇಡ ಮಾರಾಯ್ತಿ," ಅಂದರು. "ಹೆಗಲು ನೋಡು. ಉಸಿರು ತಗೊಳ್ಳುವ ಮೊದಲು ಹೆಗಲು ಏಳ್ತದೆ. ಅವರು ಉಸಿರು ತಗೊಳ್ಳುವಾಗ ಅಲ್ಲಿ ಗುಂಡಿ ಬೀಳ್ಬಾರದು. ಅಷ್ಟೇ ನಿನ್ನ ಕೆಲಸ." ಆಮೇಲೆ ಗಟ್ಟಿಮೇಳದ ಕಥೆ ಹೇಳಿದರು. ಮುಹೂರ್ತಕ್ಕೆ ಪುರೋಹಿತರು ಬೆರಳೆತ್ತಿದ ಕೂಡಲೇ ಎಲ್ಲಿದ್ದರೂ, ಯಾವ ರಾಗದ ಯಾವ ಮೂಲೆಯಲ್ಲಿದ್ದರೂ, ಬಿಟ್ಟು ಗಟ್ಟಿಮೇಳಕ್ಕೆ ಹಾರಬೇಕು. ಯಾರಾದರೂ ಸೀನಿದರೂ ಕೇಳಿಸಬಾರದು. ಒಂದು ಸಲ ಮೊದಲನೆಯವರು ಯಾರಿಗೋ ನಮಸ್ಕಾರ ಮಾಡುತ್ತಾ ಬೆರಳು ನೋಡಲಿಲ್ಲವಂತೆ. ಮಾವ ನೋಡಿದ್ದರು. "ಅವತ್ತು ಒಂದು ದಿವಸ ನಾನು ಮೊದಲು ಊದಿದೆ," ಅಂದರು. "ಯಾರಿಗೂ ಗೊತ್ತಾಗ್ಲಿಲ್ಲ."

ಆಡಿಷನ್ ಒಂದು ಚರ್ಚಿನ ಹಾಲಿನಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಮೇಲೆ ಫ್ಯಾನು ಕಿರಗುಟ್ಟುತ್ತಿತ್ತು. ಬ್ಲೂಸ್ ಸೋಲೋ ಹೇಗಾಯಿತು ಅಂದರೆ, ಮೊದಲ ಸುತ್ತು ಪರವಾಗಿಲ್ಲ, ಎರಡನೆಯದರಲ್ಲಿ ಅದೇ ಎಂಟನೇ ಬಾರಿನ ಹತ್ತಿರ ಎಡವಿ ಬೇಗ ಮನೆಗೆ ಬಂದೆ. ಬಾಸ್ ನುಡಿಸುತ್ತಿದ್ದವರು ತಲೆ ಅಲ್ಲಾಡಿಸಿ ಇನ್ನೂ ಇದೆ ಅಂತ ತೋರಿಸಿದರು. ಬಂದದ್ದಾಯಿತು ಅಂತ ಅಲ್ಲೇ ನಾಟದ ಒಂದು ತುಂಡು ಊದಿ ಉಳಿದ ನಾಲ್ಕು ಬಾರು ತುಂಬಿಸಿದೆ. ಡ್ರಮ್ಸಿನವರು ನಕ್ಕರು. ಒಳ್ಳೇ ನಗುವೋ ಕೆಟ್ಟ ನಗುವೋ, ಈಗಲೂ ಯೋಚಿಸುತ್ತೇನೆ.

ಆಮೇಲೆ ಸಾಲಿನಲ್ಲಿ ಕೂರಿಸಿದರು. ಲೀಡ್ ಆಲ್ಟೋ ಒಬ್ಬ ಕಾಲೇಜು ಹುಡುಗ, ಇಪ್ಪತ್ತೆರಡು ಇರಬಹುದು. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಮುಂದಿಟ್ಟ ಹಾಳೆಯಲ್ಲಿ ಇಲ್ಲಿಂದ ಅಲ್ಲಿಗೆ ಹೋಗು, ಚಿಹ್ನೆ ಬಂದ ಕಡೆ ವಾಪಸ್ ಬಾ, ಆಮೇಲೆ ಕೋಡಾಕ್ಕೆ (ಕೊನೆಯ ತುಂಡಿಗೆ) ಹಾರು ಅಂತ ಬಿಎಂಟಿಸಿ ರೂಟಿನ ಥರ ಗುರುತುಗಳು. ಪಲ್ಲವಿಗೆ ವಾಪಸ್ ಬರುವುದು ಗೊತ್ತಿರುವವರಿಗೆ ಅರ್ಥವಾಗುತ್ತದೆ, ಆದರೆ ಓಡುತ್ತಾ ಅರ್ಥ ಮಾಡಿಕೊಳ್ಳಬೇಕಲ್ಲ. ಎರಡನೇ ಸಾಲಿನಲ್ಲೇ ತಪ್ಪಿಹೋದೆ. ಒಂದು ಕಡೆ ಎಲ್ಲರೂ ಸುಮ್ಮನಿದ್ದಾಗ ನಾನೊಬ್ಬಳೇ ಊದಿದೆ, ಅಂಗಡಿ ಬಾಗಿಲು ಹಾಕಿದ ಮೇಲೆ ಬಂದ ಗಿರಾಕಿಯ ಹಾಗೆ.

ಎರಡನೇ ಹಾಡು ನಿಧಾನದ್ದು. ಟ್ರಂಪೆಟ್ಟಿನವರು ರಾಗ ನುಡಿಸುತ್ತಾರೆ, ಹಿಂದೆ ನಮ್ಮ ಐವರದು ಬರೀ ಉದ್ದ ಸ್ವರಗಳು, ಎಂಟು ಬಾರು ಬಿಡದೆ. ಓದಲು ಏನೂ ಇಲ್ಲ. ಹಾಳೆ ಬಿಟ್ಟು ಹುಡುಗನ ಹೆಗಲು ನೋಡಿದೆ. ನಾಲ್ಕನೇ ಬಾರಿನ ಕೊನೆಯಲ್ಲಿ ಅವನ ನೀಲಿ ಟೀಶರ್ಟಿನ ಹೆಗಲು ಒಂಚೂರು ಮೇಲೆದ್ದಿತು. ನನಗೂ ಉಸಿರು ಮುಗಿಯುತ್ತಾ ಬಂದಿತ್ತು. ಹಿಡಿದೆ. ಹೊಟ್ಟೆಯ ತಳದಿಂದ ಕೆರೆದು ತೆಗೆದ ಹಾಗೆ ಇನ್ನೆರಡು ಎಣಿಕೆ ಹಿಡಿದೆ. ಅವನು ಉಸಿರು ತಗೊಂಡು ಸ್ವರಕ್ಕೆ ವಾಪಸ್ ಬಂದ. ಆಮೇಲೆ ನಾನು ತಗೊಂಡೆ. ಯಾರೂ ಏನೂ ಹೇಳಲಿಲ್ಲ. ಗುಂಡಿ ಬಿದ್ದಿದ್ದರೆ ಹೇಳುತ್ತಿದ್ದರು.

ಮುಗಿದ ಮೇಲೆ ಹೌದು ಅಂತಲೂ ಇಲ್ಲ ಅಂತಲೂ ಹೇಳಲಿಲ್ಲ. ಮೂರು ರಿಹರ್ಸಲ್‌ಗೆ ಬನ್ನಿ, ಆಮೇಲೆ ನೋಡೋಣ ಅಂದರು. ಓದುವುದು ಸುಧಾರಿಸಬೇಕು ಅಂದರು, ಅದು ನನಗೇ ಗೊತ್ತು. ಎರಡನೇ ಆಲ್ಟೋ ಅಂತ ಬರೆದ ಒಂದು ದಪ್ಪ ಫೈಲು ಕೊಟ್ಟು ಮನೆಗೆ ಕಳಿಸಿದರು. ಹಿಂದೆ ಊದಿದವರು ಪೆನ್ಸಿಲಿನಲ್ಲಿ ಅಲ್ಲಲ್ಲಿ ಗುರುತು ಹಾಕಿದ್ದಾರೆ. ಒಂದು ಕಡೆ ಎರಡು ಕಣ್ಣಿನ ಚಿತ್ರ ಇದೆ, ತಲೆ ಎತ್ತಿ ನೋಡು ಅಂತ.

ಮೆಟ್ರೋ ಸ್ಟೇಷನ್ನಿನಿಂದ ಮಾವನಿಗೆ ಫೋನ್ ಮಾಡಿದೆ.

"ಮೊದಲನೆಯವರು ಹೇಗೆ? ಉಸಿರು ಉದ್ದ ಉಂಟಾ?" ಅಂತ ಕೇಳಿದರು.

"ನಾಲ್ಕು ಬಾರು ಬರ್ತದೆ ಮಾವ."

"ಅಷ್ಟೇಯಾ? ಹಾಗಾದ್ರೆ ನಿಂಗೆ ಕೆಲಸ ಉಂಟು," ಅಂದರು. ಆಮೇಲೆ, "ಊಟ ಹಾಕ್ತಾರಾ ಅಲ್ಲಿ?"